ನೀಲಿ ಬುಟ್ಟಿಯ ನೀರು

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ, ಸೋಮವಾರ ಬೆಳಗಿನ ಒಂಬತ್ತೂವರೆ. ಪಡಸಾಲೆಯ ಹೊರಸಿನ ಮೇಲೆ ಎಪ್ಪತ್ತು ದಾಟಿದ ಅಜ್ಜ ಕೂತಿದ್ದಾರೆ. ಎರಡೂ ಪಾದ ನೀಲಿ ಪ್ಲಾಸ್ಟಿಕ್ ಬುಟ್ಟಿಯ ನೀರಿನಲ್ಲಿ ಮುಳುಗಿವೆ. ಎದುರಿಗೆ ನೆಲದ ಮೇಲೆ ಕೂತಿರುವ ಅಮ್ಮನಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಸೆರಗು ಸೊಂಟಕ್ಕೆ ಸಿಗಿಸಿ, ತೊಡೆಯ ಮೇಲೆ ಹಳೇ ಟವೆಲ್ ಹಾಸಿಕೊಂಡು, ಗೋಡೆಯ ಗಡಿಯಾರ ನೋಡಿದರು.

"ಇನ್ನಾ ಹತ್ತು ಮಿನಿಟು, ಯಜಮಾನ್ರ. ಅಲ್ಲಾಡಬ್ಯಾಡ್ರಿ."

"ಅಲ್ಲಾಡಿದ್ರ ನನಗ ಗೊತ್ತಾಗಬೇಕಲ್ರಿ ಸಿಸ್ಟರಮ್ಮ" ಎಂದರು ಅಜ್ಜ. ಅದು ನಿಜ. ಆ ಪಾದಗಳಿಗೆ ನೀರು ಬಿಸಿಯೋ ತಣ್ಣಗೋ ತಿಳಿಯುವುದಿಲ್ಲ, ಮುಳ್ಳು ನೆಟ್ಟರೂ ತಿಳಿಯುವುದಿಲ್ಲ. ನಲವತ್ತು ವರ್ಷದ ಹಿಂದೆ ಬಂದ ಕುಷ್ಠರೋಗ ಔಷಧಿಯಿಂದ ಪೂರಾ ವಾಸಿಯಾಗಿದೆ. ಅದು ಹೋಗುವಾಗ ಪಾದದ ಅರಿವನ್ನು ಒಯ್ದಿತು.

ಇಪ್ಪತ್ತು ನಿಮಿಷ ತುಂಬಿದ ಮೇಲೆ ಅಮ್ಮ ಒಂದು ಪಾದವನ್ನು ಟವೆಲಿನ ಮೇಲೆ ಎತ್ತಿಕೊಂಡರು. ನೆನೆದು ಬೆಳ್ಳಗಾದ ದಡ್ಡು ಚರ್ಮವನ್ನು ಒರಟು ಕಲ್ಲಿನಿಂದ ಮೆಲ್ಲಗೆ ತಿಕ್ಕಿದರು. ಒದ್ದೆ ಚರ್ಮ ಆರುವ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿದರು, ನೀರಿನ ಪಸೆ ಒಳಗೇ ಉಳಿಯಲಿ ಎಂದು. ನೆನೆಸು, ತಿಕ್ಕು, ಎಣ್ಣೆ ಹಚ್ಚು: ಇಡೀ ಚಿಕಿತ್ಸೆ ಇಷ್ಟೇ. ಇದನ್ನು ಬಿಟ್ಟರೆ ದಡ್ಡು ಸೀಳುತ್ತದೆ, ಸೀಳಿದ್ದು ಹುಣ್ಣಾಗುತ್ತದೆ, ಹುಣ್ಣು ಎಲುಬಿಗೆ ಇಳಿಯುತ್ತದೆ. ಬೆರಳು ಉದುರುವುದು ಹೀಗೆ. ರೋಗವೇ ಬೆರಳು ತಿನ್ನುತ್ತದೆ ಎಂದು ಸಾವಿರಾರು ವರ್ಷ ಜಗತ್ತು ನಂಬಿತ್ತು. ನೋವಿನ ಅರಿವು ಇಲ್ಲದ್ದರಿಂದ ಆಗುವ ಗಾಯಗಳೇ ಬೆರಳನ್ನು ಕಳೆಯುತ್ತವೆ ಎಂಬುದನ್ನು ವೆಲ್ಲೂರಿನಲ್ಲಿ ಎತ್ತಿ ತೋರಿಸಿದವರು ಡಾ. ಪಾಲ್ ಬ್ರ್ಯಾಂಡ್. ಅಮ್ಮ ಅವರ ಹೆಸರನ್ನು ಮನೆಯ ಹಿರಿಯರ ಹೆಸರಿನಂತೆ ಹೇಳುತ್ತಾರೆ.

ಅಮ್ಮನ ಗಂಡ ಕಟ್ಟೆಯ ಮೇಲೆ ಕೂತು ಹಳೆಯ ಪೇಪರು ಹಾಸಿದರು. ಅಜ್ಜ ಅದರ ಮೇಲೆ ಪಾದ ಊರಿದರು. ಅಮ್ಮ ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದರು. ಎಡಪಾದ ಪೂರ್ತಿ ಮೂಡಿತು. ಬಲಪಾದ ಅರ್ಧಕ್ಕೆ ನಿಂತಿತು. ಹೊಸ ಚಪ್ಪಲಿಗೆ ಅಳತೆ.

ಈ ದಂಪತಿಯ ಜೊತೆ ಒಂದು ವಾರ ಓಡಾಡಲು ನಾನು ಬಂದಿದ್ದೆ. ಅವರು ಹಾಕಿದ ಷರತ್ತು ಒಂದೇ, ಹೆಸರು ಬರೆಯಬಾರದು. ಹಾಗಾಗಿ ಜನ ಕರೆಯುವಂತೆಯೇ ಬರೆಯುತ್ತೇನೆ. ಆಕೆ ಸಿಸ್ಟರಮ್ಮ, ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿ, ಆಮೇಲೆ ಕುಷ್ಠರೋಗದ ಕೆಲಸಕ್ಕೆ ಹಳ್ಳಿ ಹಳ್ಳಿ ಸುತ್ತಿ ನಿವೃತ್ತರಾದವರು. ಗಂಡ ಪಾದ್ರಿ ಅಜ್ಜಾರು. ದಕ್ಷಿಣ ಭಾರತ ಸಭೆಯ ಸಭಾಪಾಲಕರಾಗಿದ್ದು ನಿವೃತ್ತರಾದವರು. ಕೊಪ್ಪಳಕ್ಕೆ ಅಂಟಿಕೊಂಡಿರುವ ನೇಕಾರರ ಊರು ಭಾಗ್ಯನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮಕ್ಕಳು ದೂರದ ನಗರಗಳಲ್ಲಿದ್ದಾರೆ. ಈಗ ಇವರಿಗೆ ಸಂಬಳವಿಲ್ಲ, ಹುದ್ದೆಯಿಲ್ಲ, ಮೇಲಿನವರಿಗೆ ವರದಿ ಕೊಡುವ ಕೆಲಸವೂ ಇಲ್ಲ. ಇರುವುದು ಒಂದು ಹಳೆಯ ನೋಟ್‌ಬುಕ್. ಅದರಲ್ಲಿ ನಾಲ್ಕು ತಾಲ್ಲೂಕಿನ ಹೆಸರುಗಳು, ಒಬ್ಬೊಬ್ಬರ ಮುಂದೆ ಭೇಟಿ ಕೊಟ್ಟ ತಾರೀಖು.

ಕುಷ್ಟಗಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಆಧಾರ್ ಕಾರ್ಡ್ ತೋರಿಸಿ ಶಕ್ತಿ ಯೋಜನೆಯ ಶೂನ್ಯ ಚೀಟಿ ಪಡೆದರು. ಅಜ್ಜಾರಿಗೆ ಹಿರಿಯ ನಾಗರಿಕರೆಂದು ನೂರಕ್ಕೆ ಇಪ್ಪತ್ತೈದರ ರಿಯಾಯಿತಿ. 2023ರ ಜೂನ್ 11ರಂದು ಶಕ್ತಿ ಬಂದ ಮೇಲೆ ತಮ್ಮ ತಿಂಗಳ ಖರ್ಚು ಹೇಗೆ ಇಳಿಯಿತು, ಅದರಿಂದ ನೋಟ್‌ಬುಕ್ಕಿಗೆ ಎಷ್ಟು ಹಳ್ಳಿ ಸೇರಿದವು ಎಂದು ಅಜ್ಜಾರು ಬೆರಳು ಮಡಿಸಿ ಎಣಿಸಿದರು. ಕುಷ್ಟಗಿಗೆ ಈಗ ರೈಲೂ ಬಂದಿದೆ. ಗದಗ–ವಾಡಿ ಮಾರ್ಗದ ತಳಕಲ್ಲು, ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿಯವರೆಗಿನ ತುಂಡು 2025ರ ಮೇ ತಿಂಗಳಲ್ಲಿ ತೆರೆಯಿತು. ಅದನ್ನು ಕಾದು ಕಾದು ಎರಡು ತಲೆಮಾರು ಮುಗಿದಿದ್ದವು.

ಈ ನೆಲದ ಮಿಷನ್ ಚರಿತ್ರೆಯಲ್ಲಿ ನನಗೆ ವಿಚಿತ್ರವಾಗಿ ಕಂಡದ್ದು ಒಂದಿದೆ. ಪೂರ್ವಕ್ಕೆ ಬಳ್ಳಾರಿ. ಅಲ್ಲಿಗೆ 1810ರಲ್ಲೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದರು. 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಮರುವರ್ಷ ಅಚ್ಚಾಗಲು ಹೋದದ್ದೂ ಬಳ್ಳಾರಿಗೇ. ಪಶ್ಚಿಮಕ್ಕೆ ಗದಗ–ಬೆಟಗೇರಿ, ಅಲ್ಲಿ ಬಾಸೆಲ್ ಮಿಷನ್. ಬೆಟಗೇರಿಯ ಮಿಷನ್ ಆಸ್ಪತ್ರೆಗೆ ಇವತ್ತಿಗೂ ಜನ 'ಜರ್ಮನ್ ದವಾಖಾನೆ' ಅನ್ನುತ್ತಾರೆ. ಬಳ್ಳಾರಿ ಮದರಾಸು ಪ್ರಾಂತ್ಯ, ಗದಗ ಮುಂಬಯಿ ಪ್ರಾಂತ್ಯ. ನಡುವಿನ ಕೊಪ್ಪಳ, ಯಲಬುರ್ಗಾಗಳು ನಿಜಾಮನ ರಾಜ್ಯದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರು. ಆ ಕಡೆಯ ಪಾದ್ರಿಗೆ ಇದು ಗಡಿಯಾಚೆಯ ನೆಲ, ಈ ಕಡೆಯವರಿಗೂ ಗಡಿಯಾಚೆಯ ನೆಲ. ಎರಡೂ ಬದಿಯ ದೊಡ್ಡ ಆಸ್ಪತ್ರೆ, ಶಾಲೆ, ಅಚ್ಚುಕೂಟಗಳ ನಡುವಿನ ಈ ಸೀಮೆಗೆ ದಕ್ಕಿದ್ದು ನಡೆದು ಬಂದವರಷ್ಟೇ. ಇಲ್ಲಿನ ಹಳಬರ ಬಾಯಲ್ಲಿ ಈಗಲೂ 'ಬೆಟಗೇರಿಗೆ ಒಯ್ಯೋದು' ಎಂದರೆ ಕೈಮೀರಿದ ಕಾಯಿಲೆಯ ಮಾತು.

ನಡೆದು ಬಂದವರಲ್ಲಿ ಹೆಂಗಸರೂ ಇದ್ದರು. ದಾಖಲೆಯಲ್ಲಿ ಮಾತ್ರ ಅವರು ಸಿಗುವುದು ಕಷ್ಟ. ಬಾಸೆಲ್ ಮಿಷನ್ನಿನಲ್ಲಿ ಮದುವೆಗೆ ಸಮಿತಿಯ ಅಪ್ಪಣೆ ಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಮುಖ ನೋಡದ ಗಂಡನನ್ನು ಮದುವೆಯಾಗಲು ತಿಂಗಳುಗಟ್ಟಲೆ ಹಡಗಿನಲ್ಲಿ ಬಂದರು. 1894ರ ಕನ್ನಡ–ಇಂಗ್ಲಿಷ್ ನಿಘಂಟಿನ ಕಿಟ್ಟೆಲ್ ಅವರನ್ನು ಕನ್ನಡಿಗರೆಲ್ಲ ಬಲ್ಲರು. ಅವರ ಹೆಂಡತಿ ಪೌಲಿನೆ ಐತ್ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡರು, ಆಮೇಲೆ ಆಕೆಯ ತಂಗಿ ಯೂಲಿಯೆ ಕಿಟ್ಟೆಲ್ಲರ ಕೈಹಿಡಿದು ಈ ದೇಶಕ್ಕೆ ಬಂದರು ಎಂಬುದನ್ನು ಎಷ್ಟು ಮಂದಿ ಬಲ್ಲರು? ಎಪ್ಪತ್ತು ಸಾವಿರ ಪದಗಳ ಆ ನಿಘಂಟಿನ ಹಿಂದೆ ಎರಡು ಹೆಣ್ಣುಜೀವಗಳಿವೆ. ಇದನ್ನು ಹೇಳಿದಾಗ ಸಿಸ್ಟರಮ್ಮ ಕಿಟಕಿಯಾಚೆ ನೋಡುತ್ತಾ, "ನಮ್ಮ ಯಜಮಾನ್ರ ವರದ್ಯಾಗ ನಾನು ಒಂದ ಸಾಲು ಇರ್ತಿದ್ದೆ. 'ಶ್ರೀಮತಿಯವರು ಸ್ತ್ರೀಯರ ಕೂಟ ನಡೆಸಿದರು' ಅಂತ" ಎಂದರು. ಅಜ್ಜಾರು ತಲೆ ತಗ್ಗಿಸಿ, "ಖರೇ ಐತಿ" ಎಂದರು.

ಮಂಗಳವಾರ ಮತ್ತೆ ಕುಷ್ಟಗಿ ಸೀಮೆ, ಬೇರೆ ಹಳ್ಳಿ. ಡಿಸೆಂಬರಿನ ಬಿಸಿಲು ಹಿತವಾಗಿತ್ತು, ಹಿಂಗಾರಿ ಜೋಳ ಎದೆಮಟ್ಟ ನಿಂತಿತ್ತು. ಕೇರಿಯ ಒಂದು ಮನೆಯಲ್ಲಿ ಪಾರ್ಶ್ವವಾಯು ಹೊಡೆದು ಮಲಗಿದ ಹೆಂಗಸನ್ನು ಹೊರಳಿಸಿ ಮಲಗಿಸುವ ರೀತಿಯನ್ನು ಅಮ್ಮ ಸೊಸೆಗೆ ಕಲಿಸಿದರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ಹೊರಡುವಾಗ ಅಜ್ಜಾರು ಕಣ್ಣು ಮುಚ್ಚಿ ಎರಡು ನಿಮಿಷ ಪ್ರಾರ್ಥನೆ ಮಾಡಿದರು. ಮನೆಯವರು ಕೈಮುಗಿದು ನಿಂತರು. ದೇವರ ಗೂಡಿನಲ್ಲಿ ಹನುಮಪ್ಪನ ಫೋಟೋ, ಅದರ ಮುಂದೆ ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು.

ಓಣಿಯ ತುದಿಯಲ್ಲಿ ಬೈಕಿನ ಮೇಲೆ ಇಬ್ಬರು ಹುಡುಗರು ಕಾದಿದ್ದರು. "ಏನ್ ಅಜ್ಜಾರ, ಮತಾಂತರ ಮಾಡಾಕ ಬಂದೀರೇನು?" ಎಂದು ಒಬ್ಬ ಕೇಳಿದ. ದನಿ ಗಡುಸಾಗಿತ್ತು. ನನ್ನ ಎದೆ ಬಡಿದುಕೊಂಡಿತು. ಅಜ್ಜಾರು ನಿಂತರು. "ತಮ್ಮಾ, ನಾ ಕ್ರಿಸ್ತನ ಮನುಷ್ಯಾ. ಅದನ್ನ ಮುಚ್ಚಿಡಂಗಿಲ್ಲ. ಅವರ ಮನ್ಯಾಗ ಪ್ರಾರ್ಥನೆ ಮಾಡ್ಲೇನು ಅಂತ ಕೇಳಿದೆ, ಹೂಂ ಅಂದ್ರು, ಮಾಡಿದೆ. ಬ್ಯಾಡ ಅಂದಿದ್ರ ನೀರು ಕುಡುದು ಹೋಗತಿದ್ದೆ." ಅಷ್ಟರಲ್ಲಿ ಇನ್ನೊಬ್ಬ ಹುಡುಗ ಅಮ್ಮನ ಚೀಲ ನೋಡಿ, "ಬಿಪಿ ನೋಡ್ತೀರೇನ್ರಿ? ನಮ್ಮವ್ವಂದು ನೋಡ್ರಿ" ಎಂದ. ಅಮ್ಮ ಹೋದರು. ಮೊದಲು ಕೇಳಿದ ಹುಡುಗ ಬೈಕಿನ ಮೇಲೇ ಕೂತಿದ್ದ. ಅವನ ಮುಖ ಸಡಿಲಾಗಲಿಲ್ಲ.

ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ರಾಜ್ಯದಲ್ಲಿ ಮತಾಂತರ ತಡೆಗೆಂದೇ 2022ರಲ್ಲಿ ಕಾನೂನು ಬಂತು. ಮರುವರ್ಷ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆಸೆ ತೋರಿಸಿ, ಬಡತನವನ್ನೋ ಕಾಯಿಲೆಯನ್ನೋ ಹಿಡಿಕೆ ಮಾಡಿಕೊಂಡು ಒಬ್ಬರ ನಂಬಿಕೆ ಕದಲಿಸುವುದು ತಪ್ಪು. ಹಾಗೆ ಮಾಡುವವರಿದ್ದಾರೆ ಎಂಬುದನ್ನು ಅಜ್ಜಾರೇ ಹೇಳುತ್ತಾರೆ, ಬೇಸರದಿಂದ ಹೇಳುತ್ತಾರೆ. ಅದರ ಜೊತೆಗೇ ಇನ್ನೊಂದು ಪ್ರಶ್ನೆಯೂ ನನಗಿದೆ. ಇದೇ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ದಲಿತರ ಪುಟ್ಟ ಮಗುವೊಂದು ಓಡಿಹೋಗಿ ಹನುಮಪ್ಪನ ಗುಡಿಯೊಳಗೆ ಕಾಲಿಟ್ಟಿತು. ಮೈಲಿಗೆ ಕಳೆಯಬೇಕೆಂದು ಆ ಮನೆಯವರಿಗೆ ದಂಡ ಹೇರಲು ಹೊರಟರು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಎರಡು ವರ್ಷದ ಕೂಸಿನ ಪಾದ ನೆಲ ಮುಟ್ಟಿದ್ದನ್ನೂ ಅಪರಾಧ ಅನ್ನುವ ಸೀಮೆಯಲ್ಲಿ, ಯಾರ ಪಾದವನ್ನು ಯಾರು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ ಎಂಬುದನ್ನು ನೋಡದೆ ಬರೀ ಮತದ ಲೆಕ್ಕ ಕೇಳುವುದು ನನ್ನಿಂದಾಗದು.

ಬುಧವಾರ ಗಂಗಾವತಿ. ಗಿಣಿಗೇರಾ ದಾಟಿ ಮುನಿರಾಬಾದಿನ ಕಡೆ ಇಳಿದರೆ ನೆಲದ ಬಣ್ಣವೇ ಬದಲು. ನಿನ್ನೆಯ ಒಣ ಎರೆಹೊಲ ಎಲ್ಲಿ, ಈ ಕಾಲುವೆ, ಭತ್ತ, ಕೊಕ್ಕರೆ ಎಲ್ಲಿ! ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ಭೂಮಿ ಕೊಂಡು ನೆಲೆಸಿದರು. ಅವರ ಊರುಗಳಿಗೆ ಇಲ್ಲಿ 'ಕ್ಯಾಂಪು' ಎಂದೇ ಹೆಸರು. ಕೂಲಿಗೆ ಅವರೊಡನೆ ಬಂದವರಲ್ಲಿ ಎಷ್ಟೋ ಮಂದಿ ತೆಲುಗು ಕ್ರೈಸ್ತರು. ಚಾದಂಗಡಿಯಲ್ಲಿ ಮಾತೆಲ್ಲ ನೀರಿನದೇ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗಿನಿಂದ ಈ ಸೀಮೆಯ ರೈತನಿಗೆ ನಿದ್ದೆ ಹಗುರ.

ಕ್ಯಾಂಪೊಂದರ ತಗಡಿನ ಚಾವಣಿಯ ಪ್ರಾರ್ಥನಾ ಮನೆಯಲ್ಲಿ ಸಂಜೆ ಮೂವತ್ತು ಜನ ಸೇರಿದ್ದರು. ಕ್ರಿಸ್‌ಮಸ್‌ಗೆ ಇನ್ನು ಎರಡು ವಾರವಿತ್ತು. ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡುತ್ತಿದ್ದ ಮಕ್ಕಳು ಕನ್ನಡದಲ್ಲಿ ಜಗಳಾಡಿ ತೆಲುಗಿನಲ್ಲಿ ಹಾಡಿದರು. ಅಜ್ಜಾರು ಕನ್ನಡದಲ್ಲಿ ಮಾತಾಡಿದರು, ಹತ್ತು ನಿಮಿಷ. ಅದರಲ್ಲಿ ಅರ್ಧ ಕುಡಿತದ ಬಗ್ಗೆ. ಕೂಟ ಮುಗಿದ ಮೇಲೆ ಒಬ್ಬ ಹೆಂಗಸು ಅಮ್ಮನನ್ನು ಮೂಲೆಗೆ ಕರೆದು ತೋಳಿನ ಮೇಲಿನ ಮಚ್ಚೆ ತೋರಿಸಿದರು. ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಬಣ್ಣ. ಅಮ್ಮ ಚೀಲದಿಂದ ಹತ್ತಿ ತೆಗೆದು, ಎಳೆಯಾಗಿ ಹೊಸೆದು, ಕಣ್ಣು ಮುಚ್ಚಿಕೊಳ್ಳಲು ಹೇಳಿದರು. "ಎಲ್ಲಿ ಮುಟ್ಟಿದೆ ತೋರಸವ್ವ." ಆಕೆ ಪ್ರತಿ ಸಲವೂ ಸರಿಯಾಗಿ ಬೆರಳಿಟ್ಟು ತೋರಿಸಿದರು. ಅಮ್ಮನ ಮುಖ ತುಸು ಹಗುರಾಯಿತು. ಆದರೂ, "ನಾಳೆ ಸರ್ಕಾರಿ ದವಾಖಾನಿಗೆ ಹೋಗಿ ತೋರಿಸು, ತಪ್ಪಿಸಬ್ಯಾಡ" ಎಂದು ಚೀಟಿ ಬರೆದುಕೊಟ್ಟರು.

ರಾತ್ರಿ ಆ ಕ್ಯಾಂಪಿನಲ್ಲೇ ಮಲಗಿದೆವು. ಅಮ್ಮ ಹಳೆಯದನ್ನು ಹೇಳಿದರು. ನಾರ್ವೆಯ ಹ್ಯಾನ್ಸನ್ ಈ ರೋಗದ ಅಣುಜೀವಿಯನ್ನು ಕಂಡದ್ದು 1873ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ್ದು 1981ರಲ್ಲಿ. ಆರು ತಿಂಗಳು ಅಥವಾ ಒಂದು ವರ್ಷ ಗುಳಿಗೆ ನುಂಗಿದರೆ ಗುಣ. ಅದಕ್ಕೆ ಮೊದಲು ಡ್ಯಾಪ್ಸೋನ್ ಒಂದೇ, ಅದೂ ವರ್ಷಗಟ್ಟಲೆ. "ಹೊಸ ಗುಳಿಗಿ ಬಂದಾಗ ನಾವು ಕುಣದೇವ್ರಿ" ಎಂದರು. ಸೈಕಲ್ ಮೇಲೆ, ಟಂಟಂನಲ್ಲಿ, ಎತ್ತಿನ ಗಾಡಿಯಲ್ಲಿ ಗುಳಿಗೆ ಹೊತ್ತು ಹಳ್ಳಿಗೆ ಹೋಗುತ್ತಿದ್ದರು. ರೋಗಿಯ ಮನೆ ಯಾವುದೆಂದು ಊರಿಗೆ ಗೊತ್ತಾಗದಿರಲಿ ಎಂದು ನಾಲ್ಕು ಬೇರೆ ಮನೆಗೂ ಹೋಗಿ ಬರುತ್ತಿದ್ದರು. ದೇಶದ ಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂಬ ಗುರಿ ಮುಟ್ಟಿದೆವೆಂದು ಭಾರತ ಸಾರಿದ್ದು 2005ರ ಕೊನೆಯಲ್ಲಿ. ಅಂದಿನಿಂದ ಆ ತಂಡಗಳು, ಜೀಪುಗಳು, ಮನೆಮನೆ ತಪಾಸಣೆ ನಿಧಾನಕ್ಕೆ ಕರಗಿದವು. ಗುಣವಾದವರ ಪಾದಗಳು ಮಾತ್ರ ಹಾಗೇ ಉಳಿದವು. ಸತ್ತ ನರ ಮರಳಿ ಚಿಗುರುವುದಿಲ್ಲ. ನೋಟ್‌ಬುಕ್ಕಿನಲ್ಲಿರುವುದು ಆ ಪಾದಗಳ ಹೆಸರು. ನನ್ನ ಮಟ್ಟಿಗೆ ಇವರ ವಾರದ ಅರ್ಥ ಬಿಚ್ಚಿಕೊಂಡದ್ದು ಆ ರಾತ್ರಿ. ಯೋಜನೆ ಮುಗಿದ ಮೇಲೂ ಮನುಷ್ಯ ಬದುಕಿರುತ್ತಾನೆ. ಅವನ ಬಳಿಗೆ ಯಾರಾದರೂ ಹೋಗಬೇಕು.

ಡಾ. ಬ್ರ್ಯಾಂಡ್ ಅವರ ತಾಯಿಯ ಕತೆ ಗೊತ್ತೇ ಎಂದು ಅಮ್ಮ ಕೇಳಿದರು. ಎವೆಲಿನ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿಮಲೈಯಲ್ಲಿ ಗಂಡನ ಜೊತೆ ಕೆಲಸ ಮಾಡಿದವರು. ಗಂಡ 1929ರಲ್ಲಿ ಜ್ವರದಿಂದ ತೀರಿಕೊಂಡರು. ಮಿಷನ್ ಆಕೆಗೆ ವಯಸ್ಸಾಯಿತೆಂದು ನಿವೃತ್ತಿ ಕೊಟ್ಟಿತು. ಆಕೆ ಊರಿಗೆ ಹೋಗಲಿಲ್ಲ. ಕುದುರೆ ಏರಿ, ಊರುಗೋಲು ಹಿಡಿದು ಬೆಟ್ಟದಿಂದ ಬೆಟ್ಟಕ್ಕೆ ಅಲೆದು, 1974ರಲ್ಲಿ 95ನೇ ವಯಸ್ಸಿಗೆ ಅಲ್ಲೇ ಮಣ್ಣಾದರು. "ನನಗ ಇನ್ನಾ ಇಪ್ಪತ್ತೈದು ವರ್ಷ ಐತಿ ನೋಡ್ರಿ" ಎಂದು ಸಿಸ್ಟರಮ್ಮ ಕೌದಿ ಎಳೆದುಕೊಂಡರು.

ಗುರುವಾರ ಅವರಿಗೆ ವಿಶ್ರಾಂತಿ. ವಿಶ್ರಾಂತಿಯೆಂದರೆ ಬೆಳಿಗ್ಗೆ ಬಟ್ಟೆ ಒಗೆದು, ಸಂಜೆ ಗವಿಮಠದ ಗುಡ್ಡ ಹತ್ತುವುದು. ಕ್ರೈಸ್ತ ಪಾದ್ರಿ ಗವಿಮಠಕ್ಕೆ ಹೋಗುವುದು ನನಗೆ ಹೊಸದು, ಕೊಪ್ಪಳದವರಿಗೆ ಹೊಸದಲ್ಲ. ಗವಿಸಿದ್ಧೇಶ್ವರ ಜಾತ್ರೆ ಹತ್ತಿರ ಬರುತ್ತಿತ್ತು. ಜನವರಿಯಲ್ಲಿ ಇಲ್ಲಿ ಲಕ್ಷಗಟ್ಟಲೆ ಜನ ಉಣ್ಣುತ್ತಾರೆ. ಹಳ್ಳಿಹಳ್ಳಿಯ ಹೆಣ್ಣುಮಕ್ಕಳು ತಮ್ಮ ಮನೆಯಲ್ಲಿ ಬಡಿದ ಜೋಳದ ರೊಟ್ಟಿಯನ್ನು ಗಾಡಿಗಟ್ಟಲೆ ಕಳಿಸುತ್ತಾರೆ. ಈಗಿನ ಸ್ವಾಮೀಜಿ 2019ರಲ್ಲಿ ಊರ ಜನರನ್ನು ಕಟ್ಟಿಕೊಂಡು ಹಿರೇಹಳ್ಳದ ಹೂಳೆತ್ತಲು ತಾವೇ ನೀರಿಗಿಳಿದಿದ್ದರು. ಅಜ್ಜಾರಿಗೆ ಅವರ ಮೇಲೆ ಬಹಳ ಗೌರವ.

ಅಜ್ಜಾರು ನನ್ನನ್ನು ಕರೆದೊಯ್ದದ್ದು ಬಂಡೆಯ ಮೇಲಿನ ಬ್ರಾಹ್ಮೀ ಅಕ್ಷರಗಳ ಹತ್ತಿರ. ಅಶೋಕನ ಲಘು ಶಿಲಾಶಾಸನ. ಇದರ ಇನ್ನೊಂದು ಪ್ರತಿ ಎದುರಿನ ಪಾಲ್ಕಿಗುಂಡು ಬೆಟ್ಟದಲ್ಲಿದೆ. ಅಲ್ಲಿ ಬಂಡೆಯ ಮೇಲೆ ಬಂಡೆ ಪಲ್ಲಕ್ಕಿಯ ಮೇಲ್ಛಾವಣಿಯಂತೆ ಕೂತಿದೆ. 1931ರಲ್ಲಿ ಬೆಳಕಿಗೆ ಬಂದ ಈ ಎರಡನ್ನೂ ಮರುವರ್ಷ ಆರ್. ಎಲ್. ಟರ್ನರ್ ಪ್ರಕಟಿಸಿದರು. ಈ ನಾಲ್ಕು ತಾಲ್ಲೂಕಿನಲ್ಲಿ ಧರ್ಮ ಸಾರಿದ ಮೊದಲ ಬರಹ ಇದು. ಅದರಲ್ಲಿ ರಾಜ ಏನು ಹೇಳುತ್ತಾನೆ? ನಾನು ಉಪಾಸಕನಾಗಿ ಎರಡೂವರೆ ವರ್ಷ ಕಳೆಯಿತು, ಆದರೆ ಮೊದಲು ಅಷ್ಟೇನೂ ಶ್ರಮಪಡಲಿಲ್ಲ. ಸಂಘದ ಹತ್ತಿರ ಹೋದ ಮೇಲೆ ಚೆನ್ನಾಗಿ ಶ್ರಮಪಟ್ಟೆ. ಈ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರೂ ಶ್ರಮಪಟ್ಟರೆ ಪಡೆಯಬಹುದು.

"ನೋಡ್ರಿ" ಎಂದರು ಅಜ್ಜಾರು, ಬಂಡೆಗೆ ಮುಖ ಮಾಡಿ. "ಮದಲಿಗೆ ನಾ ಸುಮ್ನ ಇದ್ದೆ ಅಂತ ಒಪ್ಪಿಕೊಂಡಾನ. ಚಕ್ರವರ್ತಿ! ಕಲ್ಲಿನ ಮ್ಯಾಲ ಬರಸ್ಯಾನ. ನಾವು ಮೂವತ್ತು ವರ್ಷ ವರದಿ ಬರದ್ವಿ. ಎಷ್ಟು ಕೂಟ ನಡಸಿದ್ವಿ, ಎಷ್ಟು ಮಂದಿ ಬಂದ್ರು ಅಂತ ಬರದ್ವಿ. ಸುಮ್ನ ಕೂತ ದಿವಸ ಒಂದನ್ನೂ ಬರೀಲಿಲ್ಲ."

ಅವರ ಮೂವತ್ತು ವರ್ಷದ ಬಗ್ಗೆ ನಾನು ಕೇಳಬೇಕೆಂದುಕೊಂಡಿದ್ದ ಕಠಿಣ ಪ್ರಶ್ನೆಗಳೆಲ್ಲ ಆ ಮಾತಿನೊಳಗೇ ಕರಗಿದವು. ಬಿಸಿಲು ಇಳಿದು ಊರಿನ ಆಚೆ ಕೋಟೆಯ ಗುಡ್ಡ ಕೆಂಪಾಗಿತ್ತು. ಮಠದ ದಾಸೋಹದಲ್ಲಿ ನೆಲಕ್ಕೆ ಕೂತು ಉಂಡೆವು. ಬಡಿಸುವ ಹುಡುಗ ಸಿಸ್ಟರಮ್ಮನನ್ನು ಗುರುತು ಹಿಡಿದು ಎರಡನೇ ಸಲ ಸಾರು ತಂದ.

ಶುಕ್ರವಾರ ಯಲಬುರ್ಗಾ. ದಾರಿಯಲ್ಲಿ ಕುಕನೂರು, ಅಲ್ಲಿಂದ ತುಸು ಸರಿದರೆ 1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ ಇಟಗಿಯ ಗುಡಿ. ಅದನ್ನು ನೋಡಲು ಆ ದಿನ ಪುರಸೊತ್ತು ಸಿಗಲಿಲ್ಲ. ಹಳ್ಳಿಗಳಲ್ಲಿ ಬೀಗ ಹಾಕಿದ ಮನೆಗಳೇ ಎದುರಾದವು. ಗುಳೆ. ಮುಂಗಾರು ಸುಗ್ಗಿ ಮುಗಿದು ಬೆಂಗಳೂರು, ಮಂಗಳೂರು, ಗೋವಾ ಕಡೆ ಹೊರಟವರ ಮನೆಗಳು. ಕಟ್ಟೆಯ ಮೇಲೆ ಮುದುಕರು, ಅಂಗಳದಲ್ಲಿ ಮೊಮ್ಮಕ್ಕಳು. ನಗುವ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳನ್ನು ಕಂಡೆ. ಬೋರ್‌ವೆಲ್ಲಿನ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದೆನ್ನುವ ಈ ಲವಣ ಯಲಬುರ್ಗಾ, ಕುಷ್ಟಗಿಯ ಎಷ್ಟೋ ಊರಿನ ಆಳದ ನೀರಿನಲ್ಲಿ ಆ ಗೆರೆ ದಾಟಿದೆ. ವರ್ಷಗಟ್ಟಲೆ ಕುಡಿದವರ ಮೊಣಕಾಲು ಬಾಗುತ್ತದೆ, ಬೆನ್ನು ಸೆಟೆಯುತ್ತದೆ. ಊರ ನಡುವೆ ಶುದ್ಧ ನೀರಿನ ಘಟಕವಿದೆ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಕ್ಯಾನು ಹೊತ್ತು ತರಲು ಮನೆಯಲ್ಲಿ ಗಟ್ಟಿಮುಟ್ಟಾದವರು ಇರಬೇಕಷ್ಟೆ. ಅವರೆಲ್ಲ ಗುಳೆ ಹೋಗಿದ್ದಾರೆ.

ಒಂದು ಮನೆಯ ಅಜ್ಜಿ ಹಾಗೆ ಒಂಟಿ. ಇಬ್ಬರು ಮೊಮ್ಮಕ್ಕಳು ಮಾತ್ರ ಜೊತೆಗಿದ್ದಾರೆ. ಪಾದ್ರಿ ಅಜ್ಜಾರು ಅಂಗಿಯ ತೋಳು ಮಡಿಸಿ ಕ್ಯಾನು ಹಿಡಿದು ಹೊರಟರು. ಎಪ್ಪತ್ತಮೂರರ ವಯಸ್ಸು. ನಾನು ಕಸಿದುಕೊಳ್ಳಲು ಹೋದೆ. "ಎರಡು ಕ್ಯಾನು ಅದಾವ, ಇನ್ನೊಂದು ನೀವು ತಗೋರಿ" ಎಂದರು. ತಂದಿಟ್ಟೆವು. ಅಜ್ಜಿ ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ ಇಟ್ಟರು. ನೀರು ಕೊಡುವಾಗ ಮಾತ್ರ ಈಗ ತಂದ ಕ್ಯಾನಿನದನ್ನೇ ಬಗ್ಗಿಸಿ ಕೊಟ್ಟರು. ನಮಗೆ ಶುದ್ಧ ನೀರು, ತಮಗೆ ಕೊಡದಲ್ಲಿದ್ದ ನೀರು. ಸಿಸ್ಟರಮ್ಮ ತಮ್ಮ ಲೋಟವನ್ನು ಮೊಮ್ಮಗಳ ಕೈಗಿತ್ತರು, "ಮದಲ ಕೂಸು ಕುಡೀಲಿ, ಯವ್ವಾ."

ಅಜ್ಜಿ ಪ್ರಾರ್ಥನೆ ಕೇಳಲಿಲ್ಲ, ಅಜ್ಜಾರು ಮಾಡಲಿಲ್ಲ. ಒಂದು ತಾಸು ಕೂತೆವು. ಮಳೆ, ಮಗನ ಫೋನು, ಎಮ್ಮೆಯ ಕೆಚ್ಚಲು, ಇಷ್ಟೇ ಮಾತು. ಎದ್ದಾಗ ಅಜ್ಜಿ ಸಿಸ್ಟರಮ್ಮನ ಕೈಹಿಡಿದು, "ಬಂದು ಕುಂತಿದ್ರಲ್ಲ, ಸಾಕವ್ವ" ಎಂದರು.

ನೋಟ್‌ಬುಕ್ಕಿನಲ್ಲಿದ್ದ ಇನ್ನೊಂದು ಹೆಸರಿನ ಮನೆಗೆ ಹೋದಾಗ ಬಾಗಿಲು ಮುಚ್ಚಿತ್ತು. ತೀರಿಕೊಂಡು ಹದಿನೈದು ದಿನವಾಯಿತು ಎಂದು ನೆರೆಮನೆಯವರು ಹೇಳಿದರು. ಪಾದದ ಹುಣ್ಣು ಏರಿತ್ತಂತೆ. ಹೋದ ತಿಂಗಳು ಬರಬೇಕಿತ್ತು. ಅಮ್ಮನಿಗೆ ಜ್ವರ ಬಂದು ಬಂದಿರಲಿಲ್ಲ. ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಭಾಗ್ಯನಗರ ಮುಟ್ಟಿದ ಮೇಲೆ ಅಜ್ಜಾರು ಹೆಸರಿನ ಮುಂದೆ ತಾರೀಖು ಬರೆದು, ಕೆಳಗೆ ಒಂದು ಸಾಲು ಸೇರಿಸಿ ನನಗೆ ತೋರಿಸಿದರು: 'ನಾವು ಹೋಗಲಿಲ್ಲ.'

ಶನಿವಾರ ಮಧ್ಯಾಹ್ನ ಕೊಪ್ಪಳದ ಸಂತೆಯ ಹಾದಿಯಲ್ಲಿ ಒಬ್ಬ ಚಪ್ಪಲಿ ಹೊಲಿಯುವವರ ಹತ್ತಿರ ನಿಂತೆವು. ಅವರಿಗೂ ವಯಸ್ಸಾಗಿದೆ. ಸಿಸ್ಟರಮ್ಮ ತರಿಸಿಕೊಡುವ ಮೆತ್ತನೆಯ ರಬ್ಬರಿನ ಹಾಳೆಯಿಂದ ಅರಿವಿಲ್ಲದ ಪಾದಗಳಿಗೆ ಚಪ್ಪಲಿ ಮಾಡುವುದನ್ನು ಎಷ್ಟೋ ವರ್ಷದ ಹಿಂದೆ ಕಲಿತವರು. ಅಟ್ಟೆ ಗಟ್ಟಿ, ಒಳಗಿನದು ಮೆತ್ತಗೆ. ಮೊಳೆ ಹೊಡೆಯುವಂತಿಲ್ಲ, ಎಲ್ಲ ಹೊಲಿಗೆ ಮತ್ತು ಅಂಟು. ಒಳಗೆ ಎದ್ದ ಒಂದು ಮೊಳೆಯ ತುದಿ ತಿಂಗಳೊಳಗೆ ಪಾದ ಕೊಳೆಸಬಲ್ಲದು. ಹಾಕಿಕೊಂಡವರಿಗೆ ತಿಳಿಯುವುದೇ ಇಲ್ಲ.

ಸೋಮವಾರದ ಪೇಪರನ್ನು ಅವರು ಮುಂದೆ ಹರವಿಕೊಂಡರು. ಎಡಪಾದದ ಗೆರೆಯ ಮೇಲೆ ಹೆಬ್ಬೆರಳು ಓಡಿಸಿದರು. ಬಲಪಾದದ ಗೆರೆ ನಿಂತ ಕಡೆ ಬೆರಳು ನಿಲ್ಲಿಸಿದರು.

"ಹಿಂದಿನ ಪಟ್ಟಿ ಬೇಕರಿ ಇದಕ್ಕ. ಇಲ್ಲಂದ್ರ ನಡಿಯೂವಾಗ ಜಾರಿ ಹೋಕ್ಕತಿ, ಹೋಗಿದ್ದು ಅವರಿಗೆ ತಿಳಿಯಂಗಿಲ್ಲ."

"ಹಾಕ್ರಿ. ಬಕ್ಕಲ್ ಬ್ಯಾಡ, ಬೆರಳು ಮಡಚಂಗಿಲ್ಲ ಅವರಿಗೆ. ಅಂಟುಪಟ್ಟಿ ಹಚ್ರಿ."

"ಯಾವಾಗ ಬೇಕ್ರಿ?"

ಸಿಸ್ಟರಮ್ಮ ಗಂಡನ ಮುಖ ನೋಡಿದರು. ನಾಳೆ ಭಾನುವಾರ, ಆರಾಧನೆ. ನಾಡಿದ್ದು ಕುಷ್ಟಗಿಯ ಮೊದಲ ಬಸ್ಸು ಬೆಳಿಗ್ಗೆ.

"ನಾಳೆ ಸಂಜೀಕ ಕೊಡ್ರಿ" ಎಂದರು. ಅವರು ರಬ್ಬರಿನ ಹಾಳೆಯ ಮೇಲೆ ಪೇಪರು ಇಟ್ಟು, ರಂಪಿಗೆಯನ್ನು ಕಲ್ಲಿಗೆ ಉಜ್ಜತೊಡಗಿದರು.